ಎಲೆಕ್ಟ್ರಾನ್‌ಗಳು ಸಾಲುಗಟ್ಟುವುದು ಯಾಕೆ? ಮುಗಿಯದ ಒಂದು ವಾದ

ಲೋಹದೊಳಗೆ ಎಲೆಕ್ಟ್ರಾನ್‌ಗಳು ಎಲ್ಲ ಕಡೆ ಸಮನಾಗಿ ಹರಡಿಕೊಂಡಿರುತ್ತವೆ ಅಂತ ಶಾಲೆಯಲ್ಲಿ ಓದಿರುತ್ತೇವೆ, ಅಲ್ವಾ? ಕೆಲವು ಲೋಹಗಳು ತಣ್ಣಗಾದಾಗ ಹಾಗಿರುವುದಿಲ್ಲ. ಚಾರ್ಜ್ ಒಂದು ಕಡೆ ಜಾಸ್ತಿ, ಪಕ್ಕದಲ್ಲಿ ಕಡಿಮೆ, ಮತ್ತೆ ಜಾಸ್ತಿ. ಇನ್ನು ಕೆಲವದರಲ್ಲಿ ಸ್ಪಿನ್, ಅಂದರೆ ಎಲೆಕ್ಟ್ರಾನ್ ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಗುಣ, ಹೀಗೆ ಏರಿಳಿಯುತ್ತದೆ.

ದಾರಿ ತೋರಿಸಿದವರು ಭೌತವಿಜ್ಞಾನಿ ರುಡಾಲ್ಫ್ ಪೈಯರ್ಲ್ಸ್. ಪರಮಾಣುಗಳ ಒಂದೇ ಸಾಲಿನ ಲೋಹ ನಿಲ್ಲಲಾರದು, ಪರಮಾಣುಗಳು ಸ್ವಲ್ಪ ಸರಿದರೆ ಎಲೆಕ್ಟ್ರಾನ್‌ಗಳ ಶಕ್ತಿ ಇಳಿಯುತ್ತದೆ ಎಂದು 1950ರ ದಶಕದಲ್ಲಿ ಅವರು ವಾದಿಸಿದರು. ಆಗ ಅದು ಬರೀ ಕಾಗದದ ಮೇಲಿನ ಲೆಕ್ಕ.

ಕೈಗೆ ಸಿಕ್ಕ ಸಾಕ್ಷಿ ಕ್ರೋಮಿಯಂ. ಅದರ ಮೇಲೆ ನ್ಯೂಟ್ರಾನ್ ಹಾಯಿಸಿದಾಗ ಒಂದು ಚುಕ್ಕೆ ಬರಬೇಕಾದ ಜಾಗದಲ್ಲಿ ಆಚೆ ಈಚೆ ಚುಕ್ಕೆಗಳು ಬಂದವು. ಸ್ಪಿನ್ ಪ್ರತಿ ಪರಮಾಣುವಿಗೂ ದಿಕ್ಕು ಬದಲಿಸುತ್ತಿತ್ತು, ಜೊತೆಗೆ ಅದರ ಬಲ ಸುಮಾರು 20 ಹರಳುಕೋಶಗಳಿಗೊಮ್ಮೆ ಏರಿಳಿಯುತ್ತಿತ್ತು. ಈ ಅಲೆ ಹರಳಿನ ಅಳತೆಗೆ ಸರಿಯಾಗಿ ಕೂರುವುದೇ ಇಲ್ಲ. ಸುಮಾರು 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಳಿಸಿಹೋಗುತ್ತದೆ. ಅಂದರೆ ನಮಗೆ ಸಣ್ಣ ಜ್ವರ ಬಂದಾಗಿನ ಮೈಬಿಸಿಯಷ್ಟೇ!

ಫೋರ್ಡ್ ಕಾರು ಕಂಪನಿಯ ಲ್ಯಾಬ್‌ನಲ್ಲಿದ್ದ ಆಲ್ಬರ್ಟ್ ಓವರ್‌ಹೌಸರ್ ಇದನ್ನು ಸ್ಪಿನ್ ಸಾಂದ್ರತೆಯ ಅಲೆ ಎಂದರು. 1962ರಲ್ಲಿ ಲೋಮರ್ ಎಂಬ ಭೌತವಿಜ್ಞಾನಿ ಕಾರಣ ಹೇಳಿದರು. ಎಲೆಕ್ಟ್ರಾನ್‌ಗಳು ತುಂಬಿದ ಸ್ಥಿತಿಗಳನ್ನೂ ಖಾಲಿ ಸ್ಥಿತಿಗಳನ್ನೂ ಬೇರ್ಪಡಿಸುವ ಗಡಿಗೆ ಫರ್ಮಿ ಮೇಲ್ಮೈ ಅನ್ನುತ್ತಾರೆ. ಕ್ರೋಮಿಯಂನಲ್ಲಿ ಅದರ ಒಂದು ತುಂಡನ್ನು ಸರಿಸಿದರೆ ಇನ್ನೊಂದರ ಮೇಲೆ ಹೆಚ್ಚುಕಡಿಮೆ ಕೂರುತ್ತದೆ. ಹೀಗೆ ಕೂತಾಗ ಒಂದೇ ಅಲೆ ತುಂಬಾ ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಒಟ್ಟಿಗೆ ಇಳಿಸುತ್ತದೆ. ಇದೇ ನೆಸ್ಟಿಂಗ್.

ವಿವರಣೆ ಎಷ್ಟು ಚೆಂದ ಅಂದರೆ ಎಲ್ಲರೂ ಎಲ್ಲದಕ್ಕೂ ಅದನ್ನೇ ಹಚ್ಚಿದರು. 1970ರ ದಶಕದಲ್ಲಿ ಟ್ಯಾಂಟಲಂ, ನಯೋಬಿಯಂನ ಪದರ ಪದರದ ಸಂಯುಕ್ತಗಳಲ್ಲಿ ಚಾರ್ಜ್ ಅಲೆ ಕಂಡಾಗಲೂ ಉತ್ತರ ನೆಸ್ಟಿಂಗೇ. ನನಗನಿಸುವಂತೆ ಇಲ್ಲಿ ಸ್ವಲ್ಪ ಅವಸರವಾಯಿತು.

2008ರಲ್ಲಿ ಮಿಶೆಲ್ ಜೋಹಾನೆಸ್ ಮತ್ತು ಇಗೊರ್ ಮಾಜಿನ್ ಲೆಕ್ಕ ಹಾಕಿ ನೋಡಿದರು. ನಯೋಬಿಯಂ ಡೈಸೆಲೆನೈಡ್‌ನಂಥವುಗಳಲ್ಲಿ ನೆಸ್ಟಿಂಗ್ ಹೇಳುವ ಜಾಗಕ್ಕೂ ನಿಜವಾದ ಅಲೆಗೂ ತಾಳೆಯೇ ಆಗಲಿಲ್ಲ. ಚಾರ್ಜ್ ಅಲೆ ಬರೀ ಎಲೆಕ್ಟ್ರಾನ್‌ಗಳ ಆಟವಲ್ಲ, ಪರಮಾಣುಗಳ ಅಲುಗಾಟವೂ ಅಷ್ಟೇ ಮುಖ್ಯ ಎಂದರು. ಕ್ರೋಮಿಯಂ ಮಟ್ಟಿಗೆ ಮಾತ್ರ ಹಳೆಯ ವಿವರಣೆ ಗಟ್ಟಿಯಾಗಿಯೇ ಇದೆ.

ತಾಮ್ರದ ಆಕ್ಸೈಡ್‌ಗಳದ್ದು ಇನ್ನೊಂದು ತಲೆನೋವು. 1995ರಲ್ಲಿ ಜಾನ್ ಟ್ರಾಂಕ್ವಾಡಾ ತಂಡ ಅವುಗಳಲ್ಲೊಂದರಲ್ಲಿ ಚಾರ್ಜ್ ಮತ್ತು ಸ್ಪಿನ್ ಎರಡೂ ಪಟ್ಟೆ ಪಟ್ಟೆಯಾಗಿ ನಿಂತಿರುವುದನ್ನು ತೋರಿಸಿತು. ಈ ಪಟ್ಟೆಗಳು ಸೂಪರ್‌ಕಂಡಕ್ಟಿವಿಟಿಗೆ (ತಡೆಯೇ ಇಲ್ಲದೆ ವಿದ್ಯುತ್ ಹರಿಯುವುದಕ್ಕೆ) ಅಡ್ಡಿಯೋ, ಜೊತೆಗಾರನೋ ಎಂಬ ಜಗಳ ಇನ್ನೂ ನಡೆದೇ ಇದೆ.