ಕಾಫಿಯನ್ನು ಹೊರದೇಶಕ್ಕೆ ಮಾರಬಲ್ಲವರು ಬೇಕಾಗಿದ್ದಾರೆ

ಕುಶಾಲನಗರ, ಹಾಸನ, ಚಿಕ್ಕಮಗಳೂರಿನಲ್ಲಿ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳನ್ನು ಹೊರಗಿನಿಂದ ನೋಡಿದರೆ ಕಾಣುವುದು ಗೋದಾಮು, ಲಾರಿ, ಚೀಲ, ಸಿಪ್ಪೆಯ ಧೂಳು. ಆ ಚೀಲಗಳನ್ನು ಹಡಗು ಹತ್ತಿಸುವ ರಫ್ತು ಆಫೀಸಿನ ಕೆಲಸವೇ ಬೇರೆ. ಅಲ್ಲಿ ರೊಬಸ್ಟಾ ಜಾತಿಯ ಕಾಫಿಗೆ ಜಗತ್ತಿನ ಬೆಲೆ ಕಟ್ಟುವ ಲಂಡನ್ ಮಾರುಕಟ್ಟೆಯ ದರ ನೋಡುವವರು ಬೇಕು. ಇಟಲಿ, ಜರ್ಮನಿಯ ಖರೀದಿದಾರರ ಜೊತೆ ಮಾತಾಡುವವರು ಬೇಕು. ಬಂದರು ಮತ್ತು ಬ್ಯಾಂಕಿನ ಕಾಗದಪತ್ರ ತಪ್ಪಿಲ್ಲದೆ ಮಾಡುವವರೂ ಬೇಕು. ಇಂಥವರು ಸುಲಭಕ್ಕೆ ಸಿಗುವುದಿಲ್ಲ ಎನ್ನುವುದು ಈ ವ್ಯಾಪಾರದಲ್ಲಿ ಇರುವವರ ಬಹಳ ಕಾಲದ ಕೊರಗು.

ದೇಶದ ಕಾಫಿಯಲ್ಲಿ ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಅದರಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. 2024-25ರಲ್ಲಿ ಭಾರತದ ಕಾಫಿ ರಫ್ತು ಸುಮಾರು 180 ಕೋಟಿ ಡಾಲರ್ ಮುಟ್ಟಿತು. ಇಷ್ಟು ಹಳೆಯ, ಇಷ್ಟು ದೊಡ್ಡ ವ್ಯಾಪಾರಕ್ಕೆ ಮಾರುವುದು ಗೊತ್ತಿರುವ ಜನ ಯಾಕೆ ಸಾಲುತ್ತಿಲ್ಲ? ಬಹಳ ಕಾಲ ಆ ಕೆಲಸವನ್ನು ನಮ್ಮ ಪರವಾಗಿ ಬೇರೆ ಯಾರೋ ಮಾಡುತ್ತಿದ್ದರು. ನನ್ನ ಪ್ರಕಾರ ಉತ್ತರ ಅಲ್ಲೇ ಇದೆ.

19ನೇ ಶತಮಾನದಲ್ಲಿ ಆ ಕೆಲಸ ಮಾಡಿದ್ದು ಕರಾವಳಿಯ ಬ್ರಿಟಿಷ್ ವ್ಯಾಪಾರಿ ಕಂಪನಿಗಳು. ಘಟ್ಟ ಇಳಿದು ಬಂದ ಕಾಫಿಯನ್ನು ಮಂಗಳೂರಿನಲ್ಲಿ ಹದ ಮಾಡಿ ಲಂಡನ್ನಿಗೆ ಕಳಿಸುತ್ತಿದ್ದರು. ಪಿಯರ್ಸ್ ಲೆಸ್ಲಿಯಂಥ ಹೆಸರುಗಳು ಹಳೆಯ ಬೆಳೆಗಾರರ ಮನೆಗಳಲ್ಲಿ ಈಗಲೂ ಕೇಳುತ್ತವೆ. ಹಡಗು, ವಿಮೆ, ಬೆಲೆ, ಹಣ ಎಲ್ಲವೂ ಅವರ ಕೈಯಲ್ಲಿತ್ತು.

ಆಮೇಲೆ ಬಂದದ್ದು ಪೂಲ್, ಅಂದರೆ ಎಲ್ಲರ ಕಾಫಿಯನ್ನೂ ಒಂದೇ ಕಡೆ ಸೇರಿಸಿ ಮಾರುವ ವ್ಯವಸ್ಥೆ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಬೆಳೆದ ಕಾಫಿ ಗೋದಾಮಿನಲ್ಲೇ ಉಳಿಯಿತು. ಬೆಳೆಗಾರರನ್ನು ಉಳಿಸಲು 1942ರಲ್ಲಿ ಕಾಫಿ ಕಾಯ್ದೆ ಬಂತು, ಸರ್ಕಾರದ ಕಾಫಿ ಬೋರ್ಡ್ ಮಾರಾಟದ ಹೊಣೆ ಹೊತ್ತುಕೊಂಡಿತು. ಬೆಳೆಗಾರ ತನ್ನ ಕಾಫಿಯನ್ನು ಪೂಲಿಗೆ ಹಾಕಬೇಕು. ಬೋರ್ಡ್ ಅದನ್ನು ಹರಾಜಿನಲ್ಲಿ ಮಾರಿ, ಗುಣಮಟ್ಟಕ್ಕೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಕೊನೆಯ ಕಂತು ಕೈಸೇರುವಾಗ ಮುಂದಿನ ಬೆಳೆ ಕೊಯ್ದು ಆಗಿರುತ್ತಿದ್ದದ್ದೂ ಉಂಟು.

ಪೂಲ್ ವ್ಯವಸ್ಥೆಯನ್ನು ಬರೀ ದೂರುವುದು ಸರಿಯಲ್ಲ. ಎರಡು ಎಕರೆಯವನಿಗೂ ಅದು ಒಂದು ಆಸರೆ ಕೊಟ್ಟಿತ್ತು. ಆದರೆ ಅದರ ಇನ್ನೊಂದು ಫಲ ಏನಾಯಿತು ಅಂದರೆ, ಐವತ್ತು ವರ್ಷ ಮಲೆನಾಡಿನ ಬೆಳೆಗಾರನಿಗೆ ತನ್ನ ಕಾಫಿ ಯಾವ ದೇಶಕ್ಕೆ ಹೋಯಿತು, ಎಷ್ಟಕ್ಕೆ ಹೋಯಿತು ಅಂತ ತಿಳಿಯುವ ಅಗತ್ಯವೇ ಬರಲಿಲ್ಲ. ಬೋರ್ಡಿನ ಹರಾಜಿನಲ್ಲಿ ಕೊಂಡು ಹೊರದೇಶಕ್ಕೆ ಕಳಿಸುವ ರಫ್ತುದಾರರು ಇದ್ದರು, ನಿಜ. ಅವರಿಗೂ ಅಪಾಯ ಕಮ್ಮಿ. ಯಾವ ದೇಶ ಎಷ್ಟು ಕಾಫಿ ಮಾರಬೇಕು ಎಂಬ ಕೋಟಾ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪ್ರಕಾರ ನಿಗದಿಯಾಗುತ್ತಿತ್ತು. ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ, ಆ ವ್ಯಾಪಾರವೂ ರೂಪಾಯಿ ಲೆಕ್ಕದಲ್ಲಿ. ಹಾಗಾಗಿ ಕಾಗದಪತ್ರ ಬಲ್ಲ ಗುಮಾಸ್ತರು ಸಾಕಾಗುತ್ತಿತ್ತು.

ಏಳು ವರ್ಷದಲ್ಲಿ ಇದೆಲ್ಲ ಕಳಚಿಕೊಂಡಿತು. 1989ರ ಜುಲೈನಲ್ಲಿ ಕೋಟಾ ಪದ್ಧತಿ ನಿಂತುಹೋಯಿತು, ಜಗತ್ತಿನಲ್ಲಿ ಕಾಫಿ ಬೆಲೆ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ನಮ್ಮ ರೂಪಾಯಿ ಅಪಮೌಲ್ಯ ಆಯಿತು, 1993ರಿಂದ ಅದರ ಬೆಲೆಯನ್ನು ಮಾರುಕಟ್ಟೆಯೇ ಹೇಳತೊಡಗಿತು. 1992ರಿಂದ ಪೂಲ್ ಹಂತ ಹಂತವಾಗಿ ಸಡಿಲವಾಗಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಮಾರಾಟ ಸ್ವಾತಂತ್ರ್ಯ ಸಿಕ್ಕಿತು.

ಇದರ ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಕಾಫಿ ತೋಟಗಳು ಕರಟಿಹೋದವು. ಬೆಲೆ ಗಗನಕ್ಕೇರಿತು. ಚಿಕ್ಕಮಗಳೂರು, ಕೊಡಗಿನಲ್ಲಿ ಹೊಸ ಮನೆ, ಹೊಸ ಜೀಪು ಬಂದ ಕಾಲ ಅದು. ಬೆಲೆ ಏರುವಾಗ ವ್ಯಾಪಾರ ಗೊತ್ತಿಲ್ಲದವನಿಗೂ ಲಾಭ ಬರುತ್ತದೆ ಅಲ್ವಾ? ಹಾಗಾಗಿ ಕಲಿಯಬೇಕಾದ್ದು ಎಷ್ಟಿದೆ ಅಂತ ಆಗ ಯಾರಿಗೂ ಕಾಣಲಿಲ್ಲ. ಆಮೇಲೆ ವಿಯೆಟ್ನಾಂ ರಾಶಿ ರಾಶಿ ರೊಬಸ್ಟಾ ಬೆಳೆಯಿತು. 2001-02ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿಯಿತು. ಮುಂದಿನ ಬೆಲೆಗೆ ಮೊದಲೇ ಭದ್ರತೆ ಮಾಡಿಕೊಳ್ಳುವುದು, ಅಂದರೆ ಹೆಡ್ಜಿಂಗ್, ದೊಡ್ಡ ವಿದೇಶಿ ಕಂಪನಿಗಳಿಗೆ ದಿನನಿತ್ಯದ ಕೆಲಸ. ಇಲ್ಲಿನ ಸಣ್ಣ ರಫ್ತುದಾರರಲ್ಲಿ ಬಹಳ ಜನಕ್ಕೆ ಅದು ಹೊಸ ಪಾಠ.

ಈ ಕೆಲಸ ನಿಜವಾಗಿ ಏನು ಬೇಡುತ್ತದೆ ಅಂತ ಒಂದು ಕಂಟೇನರ್ ಲೆಕ್ಕದಲ್ಲೇ ನೋಡೋಣ. 20 ಅಡಿಯ ಕಂಟೇನರಿಗೆ 60 ಕಿಲೋದ 320 ಚೀಲ, ಒಟ್ಟು 19.2 ಟನ್. ರೊಬಸ್ಟಾ ವ್ಯಾಪಾರದಲ್ಲಿ ಎಷ್ಟೋ ಸಲ ಒಪ್ಪಂದದ ದಿನ ಪೂರ್ತಿ ಬೆಲೆ ನಿಗದಿ ಆಗುವುದಿಲ್ಲ. ಲಂಡನ್ ದರಕ್ಕೆ ಇಷ್ಟು ಡಾಲರ್ ಮೇಲೆ ಅಂತ ಮಾತಾಗಿರುತ್ತದೆ. ಅದಕ್ಕೆ ಡಿಫರೆನ್ಷಿಯಲ್ ಅನ್ನುತ್ತಾರೆ. ಲಂಡನ್ ದರ ಟನ್ನಿಗೆ 100 ಡಾಲರ್ ಆಚೀಚೆ ಆದರೆ ಒಂದು ಕಂಟೇನರಿಗೆ 1,920 ಡಾಲರ್ ವ್ಯತ್ಯಾಸ. ದರ ಟನ್ನಿಗೆ 4,000 ಡಾಲರ್ ಇರುವಾಗ ಡಾಲರಿನ ಎದುರು ನಮ್ಮ ರೂಪಾಯಿ ಒಂದೇ ಒಂದು ರೂಪಾಯಿ ಬಲವಾದರೆ ಅದೇ ಕಂಟೇನರಿನಲ್ಲಿ 76,800 ರೂಪಾಯಿ ಕಮ್ಮಿ. ಲಂಡನ್ ಮಾರುಕಟ್ಟೆ ತೆರೆಯುವಾಗ ನಮ್ಮಲ್ಲಿ ಮಧ್ಯಾಹ್ನ, ಮುಚ್ಚುವಾಗ ರಾತ್ರಿ. ತೋಟದ ಬೆಲೆ, ಲಂಡನ್ ಬೆಲೆ, ಡಾಲರ್ ಬೆಲೆ ಮೂರನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು ಯಾವಾಗ ಬೆಲೆ ಕಟ್ಟಬೇಕು ಅಂತ ಹೇಳುವವರು ಬೇಕು.

ಬೆಲೆ ಏರಿದರೂ ತೊಂದರೆ ತಪ್ಪಿದ್ದಲ್ಲ. ಕಾಫಿ ಕೊಂಡು ಗೋದಾಮಿನಲ್ಲಿಟ್ಟು, ಬೆಲೆ ಬಿದ್ದರೆ ಇರಲಿ ಅಂತ ಲಂಡನ್ನಿನಲ್ಲಿ ಮುಂಗಡ ಮಾರಿರುತ್ತಾರೆ. ದರ ಏರಿದಾಗ ಆ ಲೆಕ್ಕಕ್ಕೆ ಮಾರ್ಜಿನ್ ಹಣ, ಅಂದರೆ ಆಗಬಹುದಾದ ನಷ್ಟಕ್ಕೆ ಭದ್ರತೆಯ ಹಣ, ಕಟ್ಟುತ್ತಾ ಹೋಗಬೇಕು. 2024ರಲ್ಲಿ ಲಂಡನ್ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗ ಜಗತ್ತಿನ ಎಷ್ಟೋ ವ್ಯಾಪಾರಿಗಳು ಹೀಗೆ ಸಿಕ್ಕಿಬಿದ್ದರು. ಗೋದಾಮಿನಲ್ಲಿ ಮಾಲು ತುಂಬಿದೆ, ಕೈಯಲ್ಲಿ ನಗದಿಲ್ಲ. ಇದನ್ನು ಬ್ಯಾಂಕ್ ಮ್ಯಾನೇಜರಿಗೆ ಅರ್ಥ ಮಾಡಿಸಬಲ್ಲವರೂ ಆಫೀಸಿನಲ್ಲಿ ಇರಬೇಕಾಗುತ್ತದೆ.

ಇನ್ನು ಕಾಗದಪತ್ರ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಮಾಲು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್, ಮೂಲ ದೇಶದ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ, ಹುಳ ಸಾಯಲು ಹೊಗೆ ಹಾಕಿಸಿದ ಸರ್ಟಿಫಿಕೇಟ್. ವ್ಯಾಪಾರ ಎಲ್.ಸಿ. ಮೇಲೆ, ಅಂದರೆ ಕಾಗದ ಸರಿಯಿದ್ದರೆ ಹಣ ಕೊಡುತ್ತೇವೆ ಎಂಬ ಖರೀದಿದಾರರ ಬ್ಯಾಂಕಿನ ಭರವಸೆ ಪತ್ರದ ಮೇಲೆ, ನಡೆದಿದ್ದರೆ ಬ್ಯಾಂಕ್ ಚೀಲ ಬಿಚ್ಚಿ ಕಾಫಿ ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತದೆ. ತೂಕದಲ್ಲೋ ತಾರೀಕಿನಲ್ಲೋ ಒಂದು ಕಡೆ ತಾಳೆಯಾಗದಿದ್ದರೆ ಹಣ ನಿಂತೇಹೋಗಬಹುದು. ಇಂಗ್ಲಿಷ್ ಚೆನ್ನಾಗಿ ಮಾತಾಡುವ ಹುಡುಗರು ಬೇಕಾದಷ್ಟು ಸಿಗುತ್ತಾರೆ. ಎಲ್.ಸಿ.ಯನ್ನು ಸಾಲು ಸಾಲಾಗಿ ಓದಿ ಈ ಷರತ್ತು ನಮ್ಮಿಂದ ಆಗಲ್ಲ, ತಿದ್ದಿಸಿ ಅಂತ ಮೊದಲ ದಿನವೇ ಹೇಳುವವರು ಸಿಗುವುದು ಅಪರೂಪ.

ಈಚಿನ ವರ್ಷಗಳಲ್ಲಿ ಇನ್ನೊಂದು ಹೊರೆ ಸೇರಿದೆ. ನಮ್ಮ ಕಾಫಿಗೆ ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಮಾರುಕಟ್ಟೆ. ಬಿಳಿ ಕಾಂಡಕೊರಕ ಎಂಬ ಹುಳಕ್ಕೆ ಅರೇಬಿಕಾ ಜಾತಿಯ ಕಾಫಿ ತೋಟಗಳಲ್ಲಿ ಬಳಸುತ್ತಿದ್ದ ಕೀಟನಾಶಕ ಕ್ಲೋರ್‌ಪೈರಿಫಾಸ್‌ಗೆ ಯೂರೋಪಿಯನ್ ಒಕ್ಕೂಟ 2020ರಲ್ಲಿ ಒಪ್ಪಿಗೆ ನಿಲ್ಲಿಸಿತು. 2023ರಲ್ಲಿ ಅರಣ್ಯನಾಶ ತಡೆ ನಿಯಮ ಬಂತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿಯ ಸುತ್ತಲಿನ ಗುರುತುಗಳನ್ನೆಲ್ಲ ಕೊಡಬೇಕು. ಜಾರಿಯ ದಿನ ಮುಂದಕ್ಕೆ ಹೋಗಿದೆ, ಆದರೆ ಖರೀದಿದಾರರು ಪ್ರಶ್ನೆ ಕೇಳುವುದನ್ನು ಆಗಲೇ ಶುರು ಮಾಡಿದ್ದಾರೆ. ನೆರಳು ಮರದ ಕೆಳಗಿನ ನಮ್ಮ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನ ಹಾಗೇ ಕಾಣುತ್ತದೆ. ಅಲ್ಲಿ ಮರ ತೆಗೆದದ್ದು ನೆರಳು ಕಮ್ಮಿ ಮಾಡುವ ಮರಗಸಿಗೋ ಕಾಡು ಕಡಿಯುವುದಕ್ಕೋ ಅಂತ ಯೂರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ವಿವರಿಸಬೇಕಾದರೆ ತೋಟವೂ ಗೊತ್ತಿರಬೇಕು, ಕಾನೂನೂ ಗೊತ್ತಿರಬೇಕು. ಇಂಥ ಕೆಲಸಕ್ಕೆ ಬೆಂಗಳೂರಿನ ಎಂ.ಬಿ.ಎ. ಪದವಿಗಿಂತ ಕಾಫಿ ಸೀಮೆಯ ಬಾಳೆಹೊನ್ನೂರಿನಲ್ಲಿ ಬೆಳೆದ ಕಣ್ಣು ಜಾಸ್ತಿ ಉಪಯೋಗ ಅಂತ ನಾನು ನಂಬುತ್ತೇನೆ.

ಕಲಿಸುವವರು ಇಲ್ಲವೇ ಇಲ್ಲ ಅಂತಲ್ಲ. ದೆಹಲಿಯಲ್ಲಿ ವಿದೇಶ ವ್ಯಾಪಾರದ ಸಂಸ್ಥೆ 1963ರಿಂದ ಇದೆ. ಬೆಂಗಳೂರಿನಲ್ಲಿ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. ಕಾಫಿ ಬೋರ್ಡ್ ಗುಣಮಟ್ಟ ಮತ್ತು ರುಚಿ ಪರೀಕ್ಷೆಗೆ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ, ಅಲ್ಲಿ ಕಲಿತವರಿಗೆ ಒಳ್ಳೆಯ ಬೇಡಿಕೆಯೂ ಇದೆ. ಆದರೆ ಹಾಸನದಲ್ಲೋ ಮಡಿಕೇರಿಯಲ್ಲೋ ಬಿ.ಕಾಂ. ಓದುವ ಹುಡುಗಿಗೆ ಎಫ್.ಒ.ಬಿ. (ಹಡಗು ಹತ್ತಿಸುವವರೆಗಿನ ಖರ್ಚು ಸೇರಿದ ಬೆಲೆ) ಅಂದರೇನು ಎಂಬ ಎರಡು ಅಂಕದ ಪ್ರಶ್ನೆ ಬರಬಹುದು. ತನ್ನೂರಿನಿಂದ ಹೊರಟ ಒಂದು ಕಂಟೇನರಿನ ನಿಜವಾದ ಕಾಗದಗಳನ್ನು ಅವಳ ಕೈಗೆ ಕೊಟ್ಟು ತಪ್ಪು ಹುಡುಕು ಅನ್ನುವವರಿಲ್ಲ. ಸಾಫ್ಟ್‌ವೇರ್ ಕಂಪನಿಗಳು ಹೊರದೇಶದ ಗಿರಾಕಿಗಳಿಗೆ ಬೇಕಾದ ಜನರನ್ನು ತಾವೇ ತಯಾರು ಮಾಡಿಕೊಂಡವು. ಇನ್ಫೋಸಿಸ್‌ಗೆ ಮೈಸೂರಿನಲ್ಲಿ ಅದಕ್ಕೇ ಒಂದು ಕ್ಯಾಂಪಸ್ ಇದೆ. ಎಂಟು ಹತ್ತು ಜನರ ಕಾಫಿ ರಫ್ತು ಆಫೀಸಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಪಕ್ಕದ ಆಫೀಸಿನಲ್ಲಿ ಪಳಗಿದವರನ್ನು ಜಾಸ್ತಿ ಸಂಬಳ ಕೊಟ್ಟು ಕರೆದುಕೊಳ್ಳುವುದೇ ಸುಲಭ. ಜನರ ಸಂಖ್ಯೆ ಹಾಗೇ ಉಳಿಯುತ್ತದೆ, ಸಂಬಳ ಮಾತ್ರ ಏರುತ್ತದೆ.

ಇಂಥ ಜನ ಬೇಕು ಅಂತ ಈಗ ಕೇಳುವವರ ಸಾಲಿನಲ್ಲಿ ಬೆಳೆಗಾರರೂ ಇದ್ದಾರೆ. ನಮ್ಮ ಬೆಳೆಗಾರರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಹತ್ತು ಹೆಕ್ಟೇರಿನ ಒಳಗಿನವರು. ಅವರು ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಗಳು ಮಧ್ಯವರ್ತಿ ಇಲ್ಲದೆ ಹೊರದೇಶಕ್ಕೆ ಮಾರಬೇಕಾದರೆ, ದರ ಓದುವ, ಕಾಗದ ಮಾಡುವ, ತೋಟದ ಗಡಿಯನ್ನು ನಕ್ಷೆಗೆ ಏರಿಸುವ ಒಬ್ಬರಾದರೂ ಬೇಕು. ಒಂದು ಸಣ್ಣ ಕಂಪನಿಗೆ ಅಂಥವರ ಸಂಬಳ ಭಾರ. ನಾಲ್ಕೈದು ಕಂಪನಿಗಳು ಸೇರಿ ಒಬ್ಬರನ್ನು ಇಟ್ಟುಕೊಂಡರೆ ಸಾಧ್ಯ. ಆ ಒಬ್ಬರಿಗೆ ಮೊದಲ ಎರಡು ವರ್ಷದ ಸಂಬಳದಲ್ಲಿ ಅರ್ಧವನ್ನು ಬೋರ್ಡೋ ರಾಜ್ಯ ಸರ್ಕಾರವೋ ಭರಿಸಿದರೆ, ಪೂಲ್ ಬಿಟ್ಟುಹೋದ ಜಾಗವನ್ನು ಬೆಳೆಗಾರರು ತಮ್ಮದೇ ಮಕ್ಕಳಿಂದ ತುಂಬಿಸಿಕೊಳ್ಳಬಹುದು.