ಟಿ. ರೆಕ್ಸ್ ನಿಮ್ಮ ಕೋಳಿಯ ಅಜ್ಜ ಅಲ್ಲ

ಕೊಡಗಿನ ಗೋಣಿಕೊಪ್ಪದ ಸುತ್ತಮುತ್ತ ಕೋಳಿ ಸಾಕುವವರು ಈಚೆಗೆ ನನ್ನನ್ನು ಕೇಳೋದು ಒಂದೇ ಪ್ರಶ್ನೆ. "ಡಾಕ್ಟ್ರೇ, ಕೋಳಿ ಟಿ. ರೆಕ್ಸ್ ಮೊಮ್ಮಗ ಅಂತೆ, ಹೌದಾ?" ಟಿ. ರೆಕ್ಸ್ ಅಂದರೆ ಹಿಂದೆ ಇದ್ದ ದೈತ್ಯ ಮಾಂಸಾಹಾರಿ ಡೈನೊಸಾರ್. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದ್ರಾ ಅಂತ ನಾನು ಕೇಳಿದರೆ ಮಾತ್ರ ಮುಖ ಆ ಕಡೆ ತಿರುಗುತ್ತದೆ.

ಹಕ್ಕಿಗಳು ಡೈನೊಸಾರ್ ಬಳಗದಿಂದ ಬಂದದ್ದು ನಿಜ. ಟಿ. ರೆಕ್ಸ್‌ನಿಂದ ಬಂದಿಲ್ಲ. ಸುಮ್ನೆ ಲೆಕ್ಕ ಹಾಕಿ ನೋಡಿ. ಜರ್ಮನಿಯ ಸುಣ್ಣಕಲ್ಲಿನಲ್ಲಿ 1861ರಲ್ಲಿ ಸಿಕ್ಕ ಆದಿಕಾಲದ ಹಕ್ಕಿ ಆರ್ಕಿಯೋಪ್ಟೆರಿಕ್ಸ್‌ಗೆ ಸುಮಾರು 15 ಕೋಟಿ ವರ್ಷ. ಬಾಯಲ್ಲಿ ಹಲ್ಲು, ಮೂಳೆಯಿರುವ ಉದ್ದ ಬಾಲ, ಜೊತೆಗೆ ಗರಿ ತುಂಬಿದ ರೆಕ್ಕೆ. ಟಿ. ರೆಕ್ಸ್ ಓಡಾಡಿದ್ದು 6.8 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ಮೊಮ್ಮಗ ಹುಟ್ಟಿ 8 ಕೋಟಿ ವರ್ಷ ಆದಮೇಲೆ ಅಜ್ಜ ಹುಟ್ಟೋದು ಹೇಗೆ?

ಒಕ್ಕದ, ಅಂದರೆ ಕೊಡವ ಮನೆತನದ, ಲೆಕ್ಕ ಬಾಯಲ್ಲೇ ಒಪ್ಪಿಸುವ ಊರಿನವರು ಇಲ್ಲಿ ಎಡವಿದರೆ ನನಗೆ ಸಿಟ್ಟು ಬರುತ್ತದೆ. ಒಂದೇ ಐನ್‌ಮನೆಯಿಂದ ಅಂದರೆ ಒಕ್ಕದ ಮೂಲ ಮನೆಯಿಂದ ಹೊರಟ ಕವಲುಗಳಲ್ಲಿ ಒಂದು ಮಕ್ಕಳಿಲ್ಲದೆ ನಿಂತುಹೋಗುತ್ತದೆ. ಇನ್ನೊಂದು ಬೆಂಗಳೂರು ಸೇರಿ ಬೆಳೆಯುತ್ತದೆ. ನಿಂತುಹೋದ ಕವಲಿನ ಹಿರಿಯರನ್ನು ಗೌರವಕ್ಕೆ ಅಜ್ಜ ಅನ್ನಬಹುದು, ಆದರೆ ಅವರ ಸಂತಾನ ನೀವಲ್ಲ. ಟಿ. ರೆಕ್ಸ್ ಕೋಳಿಗೆ ಅಂಥ ದಾಯಾದಿ. ಇನ್ನು ಬೆಂಗಳೂರಿಗೆ ಹೋದವರು ಒಕ್ಕದ ಹೆಸರು ಬಿಡ್ತಾರಾ? ಇಲ್ಲ ಅಲ್ವಾ. ಹಾಗೆ ಹಕ್ಕಿಗಳೂ ಇವತ್ತಿಗೂ ಡೈನೊಸಾರ್‌ಗಳೇ. 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೊದಲ್ಲಿ ಕ್ಷುದ್ರಗ್ರಹ ಬಿದ್ದಾಗ ಉಳಿದದ್ದು ಆ ಒಂದು ಕವಲು.

ಈ ಗೊಂದಲ ಜಾಸ್ತಿ ಆದದ್ದು 2007ರ ಸುದ್ದಿಯಿಂದ ಇರಬೇಕು. ಟಿ. ರೆಕ್ಸ್ ಮೂಳೆಯಲ್ಲಿ ಸಿಕ್ಕ ಕೊಲಾಜೆನ್ ಅನ್ನುವ ಪ್ರೋಟೀನಿನ ಚೂರುಗಳು ಕೋಳಿಯದನ್ನು ಹೋಲುತ್ತವೆ ಅಂತ ಅಮೆರಿಕದ ವಿಜ್ಞಾನಿಗಳು ಬರೆದರು. ಅವು ನಿಜಕ್ಕೂ ಟಿ. ರೆಕ್ಸ್‌ನವೇನಾ ಅಂತ ಬೇರೆಯವರು ತಕರಾರು ತೆಗೆದರು. ಅದೇನೇ ಇರಲಿ, ಹೋಲಿಕೆ ಅಂದರೆ ನೆಂಟಸ್ತನ ಅಷ್ಟೇ. ಟಿ. ರೆಕ್ಸ್‌ಗೆ ಕೋಳಿ ಎಷ್ಟು ಹತ್ತಿರವೋ ತೋಟದ ಮಂಗಟ್ಟೆಯೂ ಅಷ್ಟೇ ಹತ್ತಿರ, ಗುಬ್ಬಚ್ಚಿಯೂ ಅಷ್ಟೇ. ಮಂಗಟ್ಟೆಯ ಕೊಕ್ಕು ನೋಡಿ "ಇದೇ ಪಕ್ಕಾ ಡೈನೊಸಾರ್" ಅನ್ನುವ ಹೋಂಸ್ಟೇ ಅತಿಥಿಗಳಿಗೂ ಇದನ್ನೇ ಹೇಳಿ.

ಸತ್ತ ಕೋಳಿ ಕೊಯ್ದು ನೋಡುವಾಗ ನೆಂಟಸ್ತನ ಕಣ್ಣಿಗೇ ಕಾಣುತ್ತದೆ. ಎದೆಯ ಮುಂದೆ ಕವೆಯ ಆಕಾರದ ಒಂದು ಮೂಳೆ ಇರುತ್ತದೆ, ನಿಮ್ಮ ಸಾರಿನಲ್ಲೂ ಸಿಕ್ಕಿರುತ್ತದೆ. ಟಿ. ರೆಕ್ಸ್‌ಗೂ ಅದು ಇತ್ತು. ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳು ಹೊಟ್ಟೆಯವರೆಗೂ ಹರಡಿ ಕೆಲವು ಮೂಳೆಗಳ ಒಳಗೂ ಹೋಗಿರುತ್ತವೆ. ಎಷ್ಟೋ ಡೈನೊಸಾರ್‌ಗಳ ಬೆನ್ನುಮೂಳೆಯಲ್ಲೂ ಅದೇ ತರಹದ ಟೊಳ್ಳು. ಮೊಟ್ಟೆ ಇಡುವ ಕಾಲಕ್ಕೆ ಹೇಂಟೆಯ ತೊಡೆಮೂಳೆಯೊಳಗೆ ಕ್ಯಾಲ್ಸಿಯಂ ಕೂಡಿಡುವ ಪದರವೊಂದು ಬೆಳೆಯುತ್ತದೆ, ಚಿಪ್ಪಿಗೆ ಬೇಕಲ್ಲ. ಅಂಥದ್ದೇ ಪದರ ಒಂದು ಟಿ. ರೆಕ್ಸ್ ತೊಡೆಮೂಳೆಯಲ್ಲಿ ಕಂಡಿತು ಅಂತ 2005ರಲ್ಲಿ ವರದಿಯಾಯಿತು. ನಾನು ಪಶುವೈದ್ಯ, ಪಳೆಯುಳಿಕೆ ಓದಿದವನಲ್ಲ, ಇದನ್ನು ಆಣೆ ಮಾಡಿ ಹೇಳಲಾರೆ.

ಕೆಲವರಿಗೆ ಇನ್ನೂ ದೊಡ್ಡ ಆಸೆ. ಪೊನ್ನಂಪೇಟೆ ಕಡೆಯ ಅಜ್ಜ ಒಬ್ಬರು ಗೋಣಿಚೀಲದಲ್ಲಿ ದೊಡ್ಡ ಮೂಳೆ ಸುತ್ತಿಕೊಂಡು ಬಂದರು. ತೋಟದಲ್ಲಿ ಕೆರೆ ತೋಡುವಾಗ ಸಿಕ್ಕಿದ್ದಂತೆ, ಡೈನೊಸಾರ್ ಅಂತ ಮೊಮ್ಮಗ ಹೇಳಿದನಂತೆ. ಕೊಡಗಿನ ಬಂಡೆಗಳು ಬಹುಪಾಲು 300 ಕೋಟಿ ವರ್ಷದಷ್ಟು ಹಳೆಯವು, ನೆಲದಾಳದಲ್ಲಿ ಬೆಂದು ಗಟ್ಟಿಯಾದವು. ಅವು ಆದಾಗ ಪ್ರಾಣಿಗಳೇ ಇರಲಿಲ್ಲ. ಡೈನೊಸಾರ್ ಬೇಕಿದ್ದರೆ ಗುಜರಾತಿನ ಬಾಲಾಸಿನೋರ್‌ಗೋ ಮಧ್ಯಪ್ರದೇಶದ ಧಾರ್‌ಗೋ ಹೋಗಬೇಕು ಅಂದೆ.

"ಮತ್ತೆ ಇದೇನು?"

"ಆನೆಯ ಮುಂಗಾಲು ಮೂಳೆ, ಅಜ್ಜ. ಮನೆಯಲ್ಲಿ ಇಟ್ಕೋಬೇಡಿ, ಅರಣ್ಯ ಇಲಾಖೆಗೆ ತಿಳಿಸಿ."

ಚೀಲವನ್ನು ನನ್ನ ಮೇಜಿನ ಕೆಳಗೇ ಬಿಟ್ಟು ಹೋಗಲು ನೋಡಿದರು. ನಾನು ಬಿಡಲಿಲ್ಲ.