ಸಾವಿರ ಗಜದಲ್ಲಿ ಗಾಳಿಯ ಲೆಕ್ಕ

ದೂರದ ಗುರಿಗೆ ಹೊಡೆಯುವುದನ್ನು ಕಲಿಯಲು ಬರುವವರೆಲ್ಲ ಮೊದಲು ಕೇಳುವುದು ಒಂದೇ: ರೈಫಲ್ ಮೇಲಿನ ಸ್ಕೋಪನ್ನು, ಅಂದರೆ ಗುರಿ ಹಿಡಿಯುವ ದುರ್ಬೀನನ್ನು, ಎಷ್ಟು ಕ್ಲಿಕ್ ತಿರುಗಿಸಬೇಕು? ಇದಕ್ಕೆ ಉತ್ತರ ಸುಲಭ. ಕ್ಲಿಕ್ ಅಳೆಯುವುದು ಕೋನವನ್ನು. ಕಾಲು ಮಿನಿಟ್‌ನ (ಇಲ್ಲಿ ಮಿನಿಟ್ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪ್‌ನಲ್ಲಿ ಒಂದು ಕ್ಲಿಕ್ 100 ಗಜದಲ್ಲಿ ಗುಂಡನ್ನು ಕಾಲು ಇಂಚು ಸರಿಸುತ್ತದೆ, 1000 ಗಜದಲ್ಲಿ ಎರಡೂವರೆ ಇಂಚಿಗಿಂತ ತುಸು ಜಾಸ್ತಿ. ಎಫ್-ಕ್ಲಾಸ್ ಎಂಬ ದೂರಗುರಿಯ ರೈಫಲ್ ಸ್ಪರ್ಧೆಗಳಲ್ಲಿ ಬಳಸುವ ಪಾಯಿಂಟ್ 308 (ಗುಂಡಿನ ವ್ಯಾಸ, ಇಂಚಿನಲ್ಲಿ) ರೈಫಲ್‌ಗೆ 155 ಗ್ರೇನ್ (ಸುಮಾರು 10 ಗ್ರಾಂ) ಗುಂಡು ಹಾಕಿ, 100 ಗಜಕ್ಕೆ ಝೀರೋ ಮಾಡಿದ್ದೀರಿ, ಅಂದರೆ ಆ ದೂರದಲ್ಲಿ ಗುರಿ ಹಿಡಿದಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದ್ದೀರಿ ಅನ್ನಿ. ಅಲ್ಲಿಂದ 1000 ಗಜಕ್ಕೆ ಹೋಗಲು ಸುಮಾರು 30 ಮಿನಿಟ್ ಬೇಕು. ಅಂದರೆ 120 ಕ್ಲಿಕ್.

ಒಂದೇ ಗುಂಡು ನೋಡಿ ಟರೆಟ್‌ಗೆ (ಸ್ಕೋಪಿನ ಕ್ಲಿಕ್ ತಿರುಗಿಸುವ ತಿರುಪಿಗೆ) ಕೈ ಹಾಕಬೇಡಿ. ಐದು ಹೊಡೆದು, ಆ ಗುಂಪಿನ ನಡುಭಾಗ ಎಲ್ಲಿದೆ ನೋಡಿ ಸರಿಪಡಿಸಿ. 120 ಕ್ಲಿಕ್ ಏರಿಸಿ ಮತ್ತೆ ಇಳಿಸಿದಾಗ ಗುಂಡು ಮೊದಲಿನ ಜಾಗಕ್ಕೇ ಬೀಳುತ್ತದಾ ಅನ್ನುವುದನ್ನೂ ಪರೀಕ್ಷಿಸಿ.

ಕಷ್ಟವಿರುವುದು ಗಾಳಿಯಲ್ಲಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ 100 ಗಜದಲ್ಲಿ ಈ ಗುಂಡನ್ನು ಒಂದು ಇಂಚೂ ಸರಿಸುವುದಿಲ್ಲ. ಅದೇ ಗಾಳಿ 1000 ಗಜದಲ್ಲಿ ಎರಡು ಮೀಟರಿಗೂ ಜಾಸ್ತಿ ಸರಿಸುತ್ತದೆ. ದೂರ ಹತ್ತು ಪಟ್ಟಾದರೆ ಸರಿತ ಹತ್ತೇ ಪಟ್ಟಾಗಬೇಕಿತ್ತು, ಅಲ್ವಾ?

ಹಾಗಾಗುವುದಿಲ್ಲ, ಏಕೆಂದರೆ ಲೆಕ್ಕಕ್ಕೆ ಬರುವುದು ಗುಂಡಿನ ವಿಳಂಬ. ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಟ ಗುಂಡು ಗಾಳಿಯೇ ಇಲ್ಲದ ನಿರ್ವಾತದಲ್ಲಿ 1000 ಗಜವನ್ನು ಒಂದು ಸೆಕೆಂಡಿನಲ್ಲಿ ದಾಟುತ್ತದೆ. ನಿಜದಲ್ಲಿ ಅದಕ್ಕೆ ಒಂದೂವರೆ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಹೀಗೆ ತಡವಾದ ಅರ್ಧ ಸೆಕೆಂಡನ್ನು ಗಾಳಿಯ ವೇಗದಿಂದ ಗುಣಿಸಿ, ಸರಿತ ಸಿಗುತ್ತದೆ. ನೀಳವಾದ, ಗಾಳಿಯನ್ನು ಸುಲಭವಾಗಿ ಸೀಳುವ ಗುಂಡಿಗೆ ನಾನು ಒತ್ತು ಕೊಡುವುದು ಇದಕ್ಕೇ. ಹಗುರವಾದ ಗುಂಡು ನಳಿಕೆಯಿಂದ ಜೋರಾಗಿ ಹೊರಟರೂ ದಾರಿಯಲ್ಲಿ ಬೇಗ ಸೋಲುತ್ತದೆ, ಗಾಳಿಗೆ ಜಾಸ್ತಿ ಸಿಕ್ಕಿಬೀಳುತ್ತದೆ.

1000 ಗಜದ ಗುರಿಯಲ್ಲಿ ಎಫ್-ಕ್ಲಾಸ್‌ನ ನಟ್ಟನಡುವಿನ ವೃತ್ತ ಬರೀ 5 ಇಂಚು. ಗಾಳಿಯ ಅಂದಾಜು ಗಂಟೆಗೆ ಅರ್ಧ ಮೈಲಿ ತಪ್ಪಿದರೂ ಗುಂಡು ಆ ವೃತ್ತದ ಹೊರಗೆ ಬೀಳಬಹುದು. ಇಂಗ್ಲೆಂಡಿನ ಬಿಸ್ಲಿಯ ಸ್ಟಿಕಲ್‌ಡೌನ್ ರೇಂಜ್‌ನಲ್ಲಿ ಉದ್ದಕ್ಕೂ ಬಾವುಟಗಳಿರುವುದು ಸುಮ್ನೆ ಅಲ್ಲ. ಹೊಸಬರು ಗುರಿಯ ಹತ್ತಿರದ ಬಾವುಟವನ್ನೇ ನೋಡುತ್ತಾರೆ. ನೀವು ನಿಮ್ಮ ಕಡೆಯ ಬಾವುಟಗಳನ್ನು ಮೊದಲು ನೋಡಿ. ನಳಿಕೆಯ ಬಳಿಯ ಗಾಳಿ ಗುಂಡಿಗೆ ಕೊಟ್ಟ ಓರೆ ಉಳಿದ ದಾರಿಯುದ್ದಕ್ಕೂ ಬೆಳೆಯುತ್ತಾ ಹೋಗುತ್ತದೆ.